ಗೋರಿಕಲ್ಲಿನ ಇಂಗ್ಲಿಷ್

ಬಿಳಿಯರು ಕೊಡಗನ್ನು ಆಳುತ್ತಿದ್ದ ಕಾಲವದು. ಮಡಿಕೇರಿಯ ಹೈಸ್ಕೂಲು ಸೇರಲು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಸಂಪಾಜೆಯ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಅಪ್ಪ ನನಗೆ ದಿನಕ್ಕೆ ಹತ್ತು ಪದ ಗೊತ್ತುಮಾಡಿದ್ದರು, ಸಂಜೆ ಒಪ್ಪಿಸಬೇಕು. ಮೊದಲ ವಾರ ಹುರುಪಿನಿಂದ ಕಲಿತೆ. ಆಮೇಲೆ ಪುಸ್ತಕ ಮಡಚಿಟ್ಟು ಬುಗುರಿ ಹಿಡಿದೆ.

ಒಂದು ಸಂಜೆ ನಾನು ತಡವರಿಸಿದಾಗ, ಅಕ್ಕಿ ಆರಿಸುತ್ತಿದ್ದ ತಂಗಿ ದೇವಕಿ ಪದವನ್ನು ಥಟ್ಟನೆ ಹೇಳಿಬಿಟ್ಟಳು. ಅವಳಿಗೆ ಒಂಬತ್ತು ವರ್ಷ, ಶಾಲೆ ಬಿಡಿಸಿ ದನ ಕಾಯಲು ಹಚ್ಚಿದ್ದರು.

"ಕೇಳ್ತಾ ಹೈದ? ಗೂಡೆಗೆ, ನಿನ್ನ ತಂಗಿಗೆ ಬಂದದ್ದ್ ನಿಂಗೆ ಬರ್ಲೆ. ಇವಳನ್ನೇ ಮಡಿಕೇರಿಗೆ ಕಳ್ಸಿರೆ ಹೆಂಗೆ?" ಎಂದರು ಅಪ್ಪ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ತೋಟದ ಮೂಲೆಯಲ್ಲಿ ಜ್ವರದಿಂದ ಸತ್ತ ಬಿಳಿ ದೊರೆಯೊಬ್ಬನ ಗೋರಿಯಿತ್ತು. ಅವನು ಕಾಟ ಕೊಡದಿರಲೆಂದು ತೋಟದವರು ವರ್ಷಕ್ಕೊಮ್ಮೆ ಅಲ್ಲಿ ಕೋಳಿ ಕೊಯ್ದು ಬ್ರಾಂದಿ, ಚುಟ್ಟ ಇಡುತ್ತಿದ್ದರು. ಕಾಫಿ ಹೂವಿನ ವಾಸನೆ ತಲೆಗೇರುವಂಥ ಒಂದು ಮಧ್ಯಾಹ್ನ ಮಂಜು ಇಳಿದಿತ್ತು. ಗೋರಿಯ ಕಡೆಯಿಂದ ನಿಧಾನವಾಗಿ, ಪದ ಪದವಾಗಿ ಇಂಗ್ಲಿಷ್ ಕೇಳಿಸಿತು. ಬೆದರಿ ಕಾಫಿ ಗಿಡದ ಮರೆಗೆ ಸರಿದೆ. ಇಣುಕಿದರೆ ದೇವಕಿ! ಹಾವಸೆ ಕೆರೆದು, ಕಲ್ಲಿನ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಓದುತ್ತಿದ್ದಳು. ನಾನು ಓದುವಾಗ ಇಣುಕಿ ಅಕ್ಷರ ಕಲಿತಿರಬೇಕು; ನನ್ನ ಪುಸ್ತಕವನ್ನು ನಾನು ಅವಳಿಗೆ ಮುಟ್ಟಗೊಡುತ್ತಿರಲಿಲ್ಲ.

ಅಪ್ಪ ಆಗ ಕಾಫಿ ಗಾಡಿಗಳ ಜೊತೆ ಮಂಗಳೂರಿಗೆ ಹೋಗಿದ್ದರು. ನಾನು ಓಡಿ ಬಂದು, "ಅಜ್ಜಿ, ದೇವಕಿಗೆ ದೊರೆ ಹಿಡ್ದುಟ್ಟು. ಅವನ ಭಾಷೆ ಮಾತಾಡ್ತಾ ಉಟ್ಟು" ಎಂದೆ.

ಮರುದಿನವೇ ಮಂತ್ರವಾದಿ ಬಂದ. ಮೆಣಸಿನ ಹೊಗೆ, ಬೆತ್ತ.

"ಯಾರ್ ನೀನ್? ಹೇಳ್!"

"ನಾ ದೇವಕಿ. ಓದ್ತಿದ್ದೆ ಅಷ್ಟೇ. ಅಣ್ಣ, ನೀನಾದ್ರೂ ಹೇಳ್!"

ಎಲ್ಲರೂ ನನ್ನತ್ತ ತಿರುಗಿದರು. "ನಂಗೆ ಗೊತ್ತಿಲ್ಲೆ" ಎಂದೆ.

ಮತ್ತೆ ಬೆತ್ತ ಬಿತ್ತು. ಆಗ ದೇವಕಿ ಅಳು ನಿಲ್ಲಿಸಿ, ನನ್ನನ್ನೇ ನೋಡುತ್ತ, ಕಲ್ಲಿನ ಮೇಲಿದ್ದುದನ್ನು ಮೊದಲಿನಿಂದ ಕೊನೆಯವರೆಗೆ ಇಂಗ್ಲಿಷಿನಲ್ಲಿ ಹೇಳಿದಳು. ಆ ದನಿ ಅವಳದಾಗಿರಲಿಲ್ಲ. ಅಜ್ಜಿ ಕೈಮುಗಿದಳು. ಗೋರಿಗೆ ಕೋಳಿ, ಬ್ರಾಂದಿ ಸಂದವು. ಅಪ್ಪ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಂದಿನಿಂದ ಅವಳ ಬಾಯಲ್ಲಿ ಒಂದೇ ಒಂದು ಇಂಗ್ಲಿಷ್ ಪದ ಬರಲಿಲ್ಲ.

ಆದರೆ ನನಗೆ ಕೇಳಿಸತೊಡಗಿತು. ಓದುತ್ತ ಒಂದು ಪದದಲ್ಲಿ ನಿಂತರೆ ಸಾಕು, ಮುಂದಿನ ಪದವನ್ನು ಯಾರೋ ಕಿವಿಯ ಬಳಿ ನಿಧಾನವಾಗಿ ಹೇಳುತ್ತಿದ್ದರು. ತಲೆಯೆತ್ತಿದರೆ ಎದುರಿಗೆ ದೇವಕಿ, ತುಟಿ ಬಿಗಿದು, ಅಕ್ಕಿ ಆರಿಸುತ್ತಿರುತ್ತಿದ್ದಳು. ಆ ದನಿಗೆ ಎಡೆ ಕೊಡಬಾರದೆಂದು ಹಗಲೆಲ್ಲ ಓದಿದೆ. ದಿನಕ್ಕೆ ಹತ್ತಲ್ಲ, ಮೂವತ್ತು ಪದ. ಪರೀಕ್ಷೆಯಲ್ಲಿ ಪಾಸಾದೆ. ಹುಡುಗನ ಶಿಸ್ತು ನೋಡಿ ಎಂದು ಊರವರು ಹೊಗಳಿದರು. ಅದು ಬರೀ ಭಯ. ಶಿಸ್ತು ಇದ್ದದ್ದು, ದಿನವೂ ದನ ಅಟ್ಟಿಕೊಂಡು ಹೋಗಿ ಕಲ್ಲು ಓದಿದವಳಿಗೆ.

ಆ ತೋಟ ಈಗ ಯಾರ ಯಾರದೋ ಕೈ ಸೇರಿದೆ. ಅಂಥ ಮಂಜೂ ಈಗ ಇಳಿಯುವುದಿಲ್ಲ. ಹೋದದ್ದು ಅಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಒಂದು ಆಸ್ತಿ ಪತ್ರಕ್ಕೆ ದೇವಕಿಯ ರುಜು ಬೇಕಾಯಿತು. ಗುಮಾಸ್ತ ಲೇಖನಿ ಚಾಚಿದ. ಅವಳು ಹೆಬ್ಬೆಟ್ಟು ಮುಂದಿಟ್ಟಳು.

"ನಂಗೆ ಎಂತ ಅಕ್ಷರ ಗೊತ್ತುಟ್ಟು, ಅಲ್ಲಾ ಅಣ್ಣ?" ಎಂದು ನನ್ನ ಮುಖವನ್ನೇ ನೋಡಿದಳು.

ನಾನು ಗುಮಾಸ್ತನ ಮಸಿಯ ಪ್ಯಾಡನ್ನು ಅವಳತ್ತ ಸರಿಸಿದೆ.