ಕಿಡಿ ಮುಂದೆ, ಅತ್ತೆ ಹಿಂದೆ

ಹಳೆಯ ಕಾರು ಇಟ್ಟುಕೊಂಡವರನ್ನು ಗುರುತಿಸುವುದು ಬಹಳ ಸುಲಭ. ಎದುರಿಗೆ ಕೂತವರು ಎಂಥ ಘನವಾದ ವಿಷಯ ಹೇಳುತ್ತಿದ್ದರೂ ಸರಿಯೇ, ಬೀದಿಯಲ್ಲಿ ಒಂದು ಇಂಜಿನ್ ಕೆಮ್ಮಿದರೆ ಸಾಕು, ಇವರ ತಲೆ ಕೋಳಿಯ ತಲೆಯಂತೆ ಓರೆಯಾಗುತ್ತದೆ. ನಮ್ಮವರ ತಲೆ ಮದುವೆಯ ಚಪ್ಪರದಲ್ಲೇ ಹಾಗೆ ಓರೆಯಾಗಿತ್ತು. ಕಳೆದ ಶ್ರಾವಣದಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತಾಗಲೆಲ್ಲ ಕಣ್ಣೀರಿಗಿಂತ ಮೊದಲು ನಗುವೇ ಬರುತ್ತದೆ. ನೀವು ತಪ್ಪು ತಿಳಿಯಬಾರದು.

ಮದುವೆಯ ದಿನ ಬೀಗರ ಪಂಕ್ತಿಗೆ ಎಲೆ ಹಾಕಿ ಅನ್ನ ಬಡಿಸುವ ಹೊತ್ತಿಗೆ ಹೊರಗೊಂದು ಬಾಡಿಗೆ ಕಾರು ಕಟಕಟ ಎಂದಿತು. ಅನ್ನಕ್ಕೆ ಕೈಯಿಡಬೇಕಾದ ಮದುಮಗ ಎದ್ದುಹೋಗಿ ಅದರ ಬಾನೆಟ್ಟಿನೊಳಗೆ ಕೈಯಿಟ್ಟರು. ರೇಷ್ಮೆ ಪಂಚೆಗೆ ಗ್ರೀಸು ಹತ್ತಿತು, ಅನ್ನ ಆರಿತು, ನಮ್ಮಪ್ಪನ ಮುಖ ಕೆಂಪಾಯಿತು. ಬೈರಕೂರಿನಲ್ಲಿ ತೋಟ ಮಾಡಿಕೊಂಡು ಮರ್ಯಾದೆಯಿಂದ ಬಾಳಿದ ಅಪ್ಪ ಅಂದಿನಿಂದ ಅಳಿಯನೊಡನೆ ಮಾತು ಬಿಟ್ಟರು. ಒಂದು ಮಾರು ದೂರದಲ್ಲಿ ಕೂತ ಅಳಿಯನಿಗೆ, "ಮಜ್ಜಿಗೆ ಬೇಕಾ ಕೇಳಮ್ಮ," ಎಂದು ನನ್ನ ಮೂಲಕ ಹೇಳಿ ಕಳಿಸುವರು. ಇವರೂ, "ಸಾಕು ಅಂತ ಹೇಳು," ಎಂದು ನನ್ನನ್ನೇ ನೋಡುವರು. ನಾನು ಇಬ್ಬರ ನಡುವಿನ ತಂತಿಕಂಬವಾದೆ.

ಮದುವೆಯಾದ ಮೊದಲ ಯುಗಾದಿಗೆ ಅಳಿಯನನ್ನು ಕರೆಯದೆ ಇರುವಂತಿಲ್ಲ; ಅಪ್ಪ ಕರೆದರು, ಅದೂ ನನ್ನ ಮೂಲಕವೇ. ಯುಗಾದಿಯ ದಿನ ಹೇಗಿರುತ್ತೇವೋ ವರ್ಷವೆಲ್ಲ ಹಾಗೇ ಇರುತ್ತೇವೆ ಎಂಬುದು ನಮ್ಮ ಕಡೆಯ ನಂಬಿಕೆ. ಒಬ್ಬಟ್ಟು ಬಡಿಸುವುದರೊಳಗೆ ಇಬ್ಬರೂ ಒಂದಾದರೂ ಮಾತಾಡದಿದ್ದರೆ ನನಗೆ ಇನ್ನೊಂದು ವರ್ಷ ಕಂಬದ ಕೆಲಸ ಖಾಯಂ. ಹೀಗೆ ಹೆದರಿಕೊಂಡು, ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಶ್ರೀನಿವಾಸಪುರದಿಂದ ನಮ್ಮ ಹಳೆಯ ಕಾರಿನಲ್ಲಿ ಹೊರಟೆವು.

ಆ ಕಾರು ಕೆಲವು ವಾರಗಳಿಂದ ಮುನಿಸಿಕೊಂಡಿತ್ತು. ಪೆಟ್ರೋಲ್ ಇಂಜಿನ್ನಿನ ಒಳಗೆ ಕಿಡಿ ಹಾರುವುದಕ್ಕೊಂದು ಮುಹೂರ್ತವಿದೆ. ಬೆಂಕಿ ಹರಡಲು ಹೊತ್ತು ಬೇಕಾದ್ದರಿಂದ ಪಿಸ್ಟನ್ ಮೇಲೆ ಬರುವ ತುಸು ಮುಂಚೆಯೇ ಕಿಡಿ ಹಾರಬೇಕು. ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿಯನ್ನು ಕೂದಲೆಳೆಯಷ್ಟು ತಿರುಗಿಸಿ ಆ ಮುಹೂರ್ತ ಇಡುತ್ತಾರೆ. ಹಗುರಾಗಿ ಓಡುವಾಗ ಅದನ್ನು ಇನ್ನಷ್ಟು ಮುಂದಕ್ಕೆಳೆಯಲು ಕಾರ್ಬ್ಯುರೇಟರಿನಿಂದ ಒಂದು ಸಣ್ಣ ರಬ್ಬರ್ ಪೈಪು ಬರುತ್ತದೆ. ಅತ್ತ ಇಂಜಿನ್ ಗಾಳಿ ಹೀರಿದರೆ ಇತ್ತ ತೆಳುವಾದೊಂದು ರಬ್ಬರ್ ಪರದೆ ಸರಿದು, ಡಬ್ಬಿಯೊಳಗಿನ ತಟ್ಟೆ ತಿರುಗಿ, ಕಿಡಿ ಮುಂಚೆ ಬರುತ್ತದೆ. ಇದೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಬೇರೆ ಹೆಂಗಸರ ಗಂಡಂದಿರು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಿದ್ದರು.

ಸಮತಟ್ಟು ರಸ್ತೆಯಲ್ಲಿ ಕಾರು ಎಳೆಯುವುದಿಲ್ಲವೆಂದು ಇವರು ಡಬ್ಬಿಯನ್ನು ಮುಂದಕ್ಕೆ ತಿರುಗಿಸಿಟ್ಟಿದ್ದರು. ಮುಳಬಾಗಿಲು ದಾಟುವವರೆಗೆ ಓಡಿತು. ಬೈರಕೂರು ಇನ್ನೇನು ಸಿಕ್ಕಿತು ಎನ್ನುವಾಗ ಬಂದ ಏರಿನಲ್ಲಿ ಮಾತ್ರ, ಡಬ್ಬದಲ್ಲಿ ಕಲ್ಲು ಹಾಕಿ ಕುಲುಕಿದಂತೆ ಸದ್ದು ಮಾಡಿ ನಿಂತೇಬಿಟ್ಟಿತು.

ಇವರು ಬಾನೆಟ್ ಎತ್ತಿ, ಪೈಪಿನ ಕಾರ್ಬ್ಯುರೇಟರ್ ಕಡೆಯ ತುದಿ ಕಿತ್ತು ನನ್ನ ಕೈಗೆ ಕೊಟ್ಟು, "ಬಾಯಲ್ಲಿ ಎಳಿ, ಒಳಗೆ ತಟ್ಟೆ ಅಲ್ಲಾಡುತ್ತಾ ನೋಡ್ತೀನಿ," ಎಂದು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಮುಖವನ್ನು ಅದರೊಳಕ್ಕೇ ಇಟ್ಟರು. ಹಬ್ಬದ ಸೀರೆ ಉಟ್ಟು ನಡುರಸ್ತೆಯಲ್ಲಿ ರಬ್ಬರ್ ಚೀಪಬೇಕಾದ ನನಗೆ ನಗು ತಡೆಯಲಾಗಲಿಲ್ಲ.

"ಕೊಡೇ ಇಲ್ಲಿ," ಎಂದು ಅತ್ತೆ ಕಿತ್ತುಕೊಂಡರು. "ಹುಟ್ಟಿದಾಗಿಂದ ಒಲೆ ಊದ್ತಾ ಇದ್ದೀನಿ, ಇದೊಂದು ಕೊಳವೆ ಹೆಚ್ಚಾ ನನಗೆ?"

ಹೀರುವ ಬದಲು, ಹಸಿ ಸೌದೆಗೆ ಊದುವಂತೆ, ಕೆನ್ನೆಯುಬ್ಬಿಸಿ ಊದಿಯೇ ಊದಿದರು. ಡಬ್ಬಿಯಲ್ಲಿದ್ದ ಕಪ್ಪು ಧೂಳೆಲ್ಲ ಎದ್ದು ಇವರ ಮುಖಕ್ಕೆ ಬಡಿಯಿತು.

"ಅಮ್ಮಾ, ಎಳಿ ಅಂದ್ರೆ ಊದ್ತೀಯಲ್ಲಮ್ಮ!"

"ನೀನು ಸರಿಯಾಗಿ ಹೇಳ್ಬೇಕು ಕಣೋ. ಊದೋದಕ್ಕಲ್ದೆ ಕೊಳವೆ ಇನ್ಯಾಕೆ?"

ಹೊತ್ತಾಯಿತೆಂದು ಸೈಕಲ್ಲಿನಲ್ಲಿ ಹುಡುಕಿಕೊಂಡು ಬಂದ ಅಪ್ಪ ಅದೇ ಗಳಿಗೆಗೆ ಎದುರಾಗಬೇಕೇ! ಕಣ್ಣೆರಡು ಬಿಟ್ಟು ಉಳಿದೆಲ್ಲ ಕಪ್ಪಾಗಿದ್ದ ಅಳಿಯನನ್ನು ನೋಡಿ ಅವರ ಮೀಸೆ ಅದುರಿತು. ಆಮೇಲೆ ಹೊಟ್ಟೆ ಅದುರಿತು.

"ಏನಳಿಯಂದ್ರೇ, ಎಣ್ಣೆ ನೀರು ಆಯ್ತಾ?"

ನನ್ನ ಮೂಲಕವಲ್ಲ, ನೇರವಾಗಿ ಕೇಳಿದರು! ಇವರು ಕಣ್ಣುಜ್ಜಿಕೊಳ್ಳುತ್ತಾ, "ಗಾಳಿ ಒಳಗಿಂದ ಆಚೆ ಬಂತು ಮಾವ. ಅಂದ್ರೆ ಪರದೆ ಹರಿದಿರ್ಬೇಕು," ಎಂದರು. ದನಿಯಲ್ಲಿ ನಾಚಿಕೆಯಲ್ಲ, ಸಂತೋಷ!

"ತನ್ನಿ ಇಲ್ಲಿ," ಎಂದ ಅಪ್ಪ ಬಾಯಲ್ಲಿದ್ದ ಬೀಡಿ ಎಸೆದು ಪೈಪು ಕಚ್ಚಿ ದಮ್ಮೆಳೆದರು. ಅನುಭವಸ್ಥರಂತೆ ತಲೆಯಾಡಿಸಿದರು. "ಹೌದು. ಎಲೆ ಹರಿದಿರೋ ಬೀಡಿ ಎಳೆದಂಗೈತೆ. ಬರೀ ಗಾಳಿ."

ಕಾರಿಗೆ ಕಟ್ಟಿದ್ದ ಬೇವಿನ ಕಡ್ಡಿಯನ್ನು ಅಪ್ಪ ಚೂಪು ಮಾಡಿ ಕೊಟ್ಟರು. ಇವರು ಅದನ್ನು ಗಾಳಿ ನುಗ್ಗದಂತೆ ಪೈಪಿನೊಳಗೆ ಬಿರಡೆಯಾಗಿ ಬಡಿದು ಕಾರ್ಬ್ಯುರೇಟರಿಗೆ ಸಿಕ್ಕಿಸಿ, ಡಬ್ಬಿಯ ಮುಚ್ಚಳ ಹಾಕಿದರು. ನಾನು ಒಳಗೆ ಕೂತು ಇಂಜಿನ್ ಚಾಲೂ ಮಾಡಿ ಎಕ್ಸಲೇಟರ್ ತುಳಿದೆ. ಇವರು ಡಬ್ಬಿಯನ್ನು ತುಸುತುಸುವೇ ಹಿಂದಕ್ಕೆ ತಿರುಗಿಸಿದರು. ಮಾವ ಅಳಿಯ ಇಬ್ಬರ ತಲೆಯೂ ಒಂದೇ ಕಡೆಗೆ ಓರೆಯಾಯಿತು.

"ಇನ್ನೊಂಚೂರು."

"ಸಾಕು ಮಾವ."

"ಇಲ್ಲ, ಇನ್ನೂ ಗೊರಗೊರ ಅಂತೈತೆ ಅಳಿಯಂದ್ರೇ."

ಏರಿನಲ್ಲಿ ನೋಡೋಣವೆಂದು ನನ್ನನ್ನು ಸೀಟಿನಿಂದ ಇಳಿಸಿ ಇಬ್ಬರೂ ಹತ್ತಿ ಹೊರಟರು. ನಾನೂ ಅತ್ತೆಯೂ ರಸ್ತೆಯಲ್ಲೇ ನಿಂತಿದ್ದೇವೆಂಬುದು ಆ ಪುಣ್ಯಾತ್ಮರಿಗೆ ಮರೆತೇಹೋಯಿತು. ಹಬ್ಬದ ಸೀರೆ ಎತ್ತಿಕಟ್ಟಿ ಊರ ದಾರಿ ಹಿಡಿದ ನಮ್ಮ ಪಕ್ಕದಲ್ಲೇ ಕಾರು ಒಂದು ಸಲ ಹೋಯಿತು, ಒಂದು ಸಲ ಬಂತು, ನಿಲ್ಲಲಿಲ್ಲ. ಒಳಗೆ ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು. "ಮಾತಾಡ್ಲಿ ಅಂತ ಹರಕೆ ಹೊತ್ತಿದ್ದೆಯಲ್ಲ, ಅನುಭವಿಸು," ಎಂದರು ಅತ್ತೆ. ಆ ವರ್ಷ ಮಾತ್ರವಲ್ಲ, ಮುಂದೆ ಎಷ್ಟೋ ವರ್ಷ ಅವರ ಮಾತು ನಿಲ್ಲಲಿಲ್ಲ. ಅಪ್ಪ ಕಾರು ಓಡಿಸಲು ಕಲಿತದ್ದೂ ಇವರಿಂದಲೇ.

ಇವರು ಹೋಗಿ ಇನ್ನೂ ವರ್ಷ ತುಂಬದ್ದರಿಂದ ಈ ಯುಗಾದಿ ನಮಗೆ ಹಬ್ಬವಿಲ್ಲ. ಬೆಳಿಗ್ಗೆ ಬಸ್ಸಿಳಿದು ಬಂದ ಅಪ್ಪ ಒಳಗೆ ಬರದೆ ನೇರವಾಗಿ ಹೋಗಿ ಕಾರಿನ ಬಾನೆಟ್ ಎತ್ತಿದರು. "ನಿಲ್ಲಿಸಿದ್ರೆ ಹಾಳಾಗ್ತದೆ. ಎಕ್ಸಲೇಟರ್ ತುಳಿಯಮ್ಮ," ಎಂದರು. ತುಳಿದೆ. ಇಂಜಿನ್ ಕೆಮ್ಮಿತು, ಅಪ್ಪ ಡಬ್ಬಿ ತಿರುಗಿಸಿದರು, ಇನ್ನೂ ಕೆಮ್ಮಿತು. ನಾನು ತಲೆ ಓರೆ ಮಾಡಿ, "ಇನ್ನೊಂಚೂರು ಹಿಂದಕ್ಕಪ್ಪ," ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಸದ್ದು ನಯವಾಯಿತು.

ಒಂದು ಸುತ್ತು ಹೋಗಿ ನೋಡೋಣವೇ ಎಂದು ಅಪ್ಪ ಕೇಳುತ್ತಿದ್ದಾಗ ತಿರುಗಿ ನೋಡಿದೆ. ಯಾರೂ ಕರೆಯುವ ಮೊದಲೇ ಅತ್ತೆ ಹಿಂದಿನ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಸೆರಗು ಸರಿಮಾಡಿಕೊಳ್ಳುತ್ತಿದ್ದರು.