ಲಾವಂಚದ ಸಾಲಿನಿಂದ ಏಳು ಹೆಜ್ಜೆ

ಹರಿಹರದ ಬಳಿಯ ಸಾರಥಿ ಊರಿನ ನಮ್ಮ ಇಳಿಜಾರು ಹೊಲದಿಂದ ಲಾವಂಚದ ಸಾಲನ್ನು ಕೀಳಿಸಿದವರು ಮಣ್ಣು ಸಂರಕ್ಷಣೆಯ ಅಧಿಕಾರಿಗಳೇ. ಮಣ್ಣನ್ನು ಹಿಡಿದು ನಿಂತಿದ್ದುದನ್ನು ಮಣ್ಣು ಉಳಿಸುವ ಹೆಸರಿನಲ್ಲಿಯೇ ಕಿತ್ತರು. ನಗರದ ಎಸ್.ಎಸ್. ಬಡಾವಣೆಯ ನನ್ನ ಕೋಣೆಯಲ್ಲಿ ಒಂದು ಲೋಟ ತಣ್ಣೀರು ಕುಡಿದು ಈ ಆರೋಪವನ್ನು ಬರೆಯುತ್ತಿದ್ದೇನೆ. ಮಡಕೆಯೊಳಗೆ ಲಾವಂಚದ ಬೇರಿನ ಕಟ್ಟಿದೆ. ನೀರಿಗೆ ಅದರದೇ ವಾಸನೆ: ಮೊದಲ ಮಳೆಗೆ ನೆನೆದ ಮಣ್ಣಿನದು, ಅದರಡಿಯಲ್ಲಿ ಇನ್ನೂ ಹಳೆಯದಾದ ಯಾವುದರದೋ.

ಓದುಗರೇ, ಆ ವಾಸನೆಯ ಬೆನ್ನುಹಿಡಿದು ನನ್ನೊಡನೆ ಹೊಲಕ್ಕೆ ಬನ್ನಿ. ಹಳ್ಳದ ಕಡೆಗೆ ವಾಲಿದ ಹೊಲಕ್ಕೆ ಅಡ್ಡಲಾಗಿ, ಎದೆಯೆತ್ತರದ ಆ ಹುಲ್ಲಿನ ಬೇಲಿ ಒತ್ತಾಗಿ ಬೆಳೆದಿತ್ತು. ಮೇಲಿನಿಂದ ಕೆಂಪಗೆ ಹರಿದುಬಂದ ನೀರು ಅದರೊಳಗೆ ನುಸುಳಿ ತಿಳಿಯಾಗಿ ಇಳಿಯುತ್ತಿತ್ತು. ಮಣ್ಣು ಹಿಂದೆಯೇ ಕೂರುತ್ತಿತ್ತು. ಸಾಲಿನಿಂದ ಏಳು ಹೆಜ್ಜೆ ಕೆಳಗೆ ಅಜ್ಜನನ್ನು ಹೂಳಿದ್ದೆವು, ಗುರುತಿಗೊಂದು ಕಲ್ಲು. ನಮ್ಮಲ್ಲಿ ಸತ್ತವರು ಹೊಲದಲ್ಲೇ ಉಳಿಯುತ್ತಾರೆ. ಅಮಾವಾಸ್ಯೆಗೆ ಎಡೆ ಇಡಲು ಹೋದಾಗ ಅಜ್ಜಿ ಬೇಲಿಯಿಂದ ಹೆಜ್ಜೆ ಎಣಿಸಿಯೇ ಇಳಿಯುತ್ತಿದ್ದಳು.

"ಕಲ್ಲು ಎದುರಿಗೇ ಐತಲ್ಲ ಅಜ್ಜಿ, ಎಣ್ಸೋದ್ಯಾಕ?" ಎಂದು ನಾನು ನಗುತ್ತಿದ್ದೆ.

"ಕಲ್ಲಿಗೆ ಕಾಲಿಲ್ಲ ಅಂತ ನಿಮ್ಮ ಕಾಲೇಜ್ನಾಗೆ ಹೇಳ್ಕೊಟ್ರೇನು?"

ನನ್ನ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಯೋಜನೆಯ ಒಪ್ಪಿಗೆ ಪತ್ರ ಬಂದಾಗ ಅದನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿದವಳು, ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಹೊತ್ತು ತಂದ ನಾನೇ. 'ಅನುಪಯುಕ್ತ ಗಿಡಗಂಟಿ ತೆರವು, ಮಣ್ಣಿನ ಬದು ನಿರ್ಮಾಣ' ಎಂದಿತ್ತು. ಅನುಪಯುಕ್ತವಾದದ್ದು ಯಾವುದೆಂದು ಕೇಳುವುದನ್ನೇ ಮರೆತೆ. ಅಜ್ಜಿ ಹೆಬ್ಬೆಟ್ಟೊತ್ತಿದಳು. ಜೆಸಿಬಿ ಒಂದೇ ಬೆಳಗಿನಲ್ಲಿ ಕೆಲಸ ಮುಗಿಸಿತು.

ಹೊಸ ಬದು ಮೊದಲ ದೊಡ್ಡ ಮಳೆಗೇ ಒಡೆಯಿತು. ಮುಂದಿನ ಅಮಾವಾಸ್ಯೆಯ ಮಟಮಟ ಮಧ್ಯಾಹ್ನ ನಾವಿಬ್ಬರೂ ಹೋದೆವು. ಹಕ್ಕಿಯ ದನಿಯೂ ಇರಲಿಲ್ಲ. ಕಲ್ಲು ಹಳ್ಳದ ದಂಡೆಯಲ್ಲಿ ನಿಂತಿತ್ತು. ಬೀಳದೆ, ಓರೆಯಾಗದೆ, ತಾನೇ ನಡೆದು ಬಂದಂತೆ. ವಿಭೂತಿ ಹಚ್ಚುವ ಮುಖ ನಮ್ಮ ಕಡೆಗೇ ಇತ್ತು. ಬೇಲಿಯೇ ಇಲ್ಲದ ಬಯಲಿನಲ್ಲಿ ಲಾವಂಚದ ವಾಸನೆ ದಟ್ಟವಾಗಿತ್ತು. ಅಜ್ಜಿ ಎಡೆಯ ತಟ್ಟೆ ಹಿಡಿದು ಎಣಿಸಲು ಹೊರಟವಳು, ಎಲ್ಲಿಂದ ಎಣಿಸಬೇಕೆಂದು ತಿಳಿಯದೆ ನಿಂತುಬಿಟ್ಟಳು.

"ಕಲ್ಲು ಇಲ್ಲೈತೆ. ನಿಮ್ಮಜ್ಜ ಎಲ್ಲಿದಾರೆ?"

"ಅಲ್ಲೇ ಮ್ಯಾಗೆ ಎಲ್ಲೋ ಇರ್ತಾರೆ, ಅಜ್ಜಿ."

"ಎಲ್ಲೋ ಅಂದ್ರೆ? ನಾಳೆ ನನ್ನ ಅವರ ಮಗ್ಗುಲಾಗೆ ಹೆಂಗೆ ಇಡ್ತೀರಿ? ಓದಿದಾಕಿ ನೀನು, ಹೇಳು."

ಜೆಸಿಬಿ ಕಿತ್ತುಹಾಕಿದ ರಾಶಿಯಿಂದ ಆಯ್ದು ತಂದ ಬೇರು ಈಗ ಮಡಕೆಯಲ್ಲಿದೆ. ಬುಡಗಳನ್ನು ಬಾಲ್ಕನಿಯ ಬಕೆಟ್ಟುಗಳಲ್ಲಿ ನೆಟ್ಟಿದ್ದೆ, ಚಿಗುರಿವೆ. ಗಾಳಿಯಿಲ್ಲದಾಗಲೂ ಅವು ಹರಿಹರದ ಕಡೆಗೇ ವಾಲಿರುತ್ತವೆ. ಬಿಸಿಲಿನ ಸೆಳೆತ ಎನ್ನುತ್ತದೆ ನನ್ನ ಪದವಿ. ಬಿಸಿಲು ಬರುವುದು ಇನ್ನೊಂದು ದಿಕ್ಕಿನಿಂದ.

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ವಿನಂತಿ. ಆ ಸಾಲನ್ನು ಅನುಪಯುಕ್ತವೆಂದು ಬರೆದವರು ಯಾರು, ಹೊಲವನ್ನು ಕಣ್ಣಾರೆ ನೋಡಿ ಬರೆದರೇ ಎಂಬುದಕ್ಕೆ ಲಿಖಿತ ಉತ್ತರ ಕೊಡಿ. ಮುಂಗಾರಿಗೆ ಮುನ್ನ ಇಳಿಜಾರಿಗೆ ಅಡ್ಡಲಾಗಿ, ಮೊದಲಿದ್ದ ಜಾಗದಲ್ಲೇ, ಲಾವಂಚ ನೆಡಿಸಿ. ಸಸಿಗಳು ನನ್ನಲ್ಲಿವೆ, ಗುದ್ದಲಿ ಹಿಡಿಯಲು ನಾನೂ ಬರುತ್ತೇನೆ. ಬರುವಾಗ ನಿಮ್ಮ ಅಳತೆಯ ನಕ್ಷೆ ತನ್ನಿ. ಸಾಲು ಎಲ್ಲಿತ್ತೆಂದು ತೋರಿಸಿದರೆ ಸಾಕು. ಅಲ್ಲಿಂದ ಏಳು ಹೆಜ್ಜೆಯನ್ನು ಅಜ್ಜಿಯೇ ಎಣಿಸುತ್ತಾಳೆ.