ಗೊಂಬೆ ಮಾಮ ಕೊಟ್ಟ ಉತ್ತರ

ಮೊಮ್ಮಗಳು ಟಿವಿ ಮುಂದೆ ಕೂತರೆ ತಟ್ಟೆಯಲ್ಲಿನ ಅನ್ನ ತಣ್ಣಗಾಗುವವರೆಗೂ ಏಳುವುದಿಲ್ಲ. ಒಂದು ಕೈಗೊಂಬೆ ಮಕ್ಕಳ ಕಾರ್ಯಕ್ರಮ ನಡೆಸಿಕೊಡುತ್ತದೆ. ಮಕ್ಕಳು ಫೋನ್ ಮಾಡಿ ಪ್ರಶ್ನೆ ಕೇಳುತ್ತಾರೆ, ಅದು ತಲೆ ಕುಣಿಸುತ್ತಾ ಉತ್ತರ ಹೇಳುತ್ತದೆ. "ಅಜ್ಜಿ, ನೀನೂ ಬಾ" ಎಂದು ಅವಳು ಎಷ್ಟು ಕರೆದರೂ ನಾನು ಹೋಗುವುದಿಲ್ಲ. ಎಂಥ ಹೊಸ ಐಡಿಯಾ ಎಂದು ಅವಳಮ್ಮ ಹೊಗಳುತ್ತಾಳೆ. ಹೊಸದೂ ಅಲ್ಲ, ಗಿಸದೂ ಅಲ್ಲ. ಟಿವಿ ಎಂಬ ಮಾತೇ ನಮ್ಮೂರಿಗೆ ಗೊತ್ತಿಲ್ಲದ ಕಾಲದಲ್ಲಿ ಇಂಥದ್ದೊಂದನ್ನು ನಾನೇ ಮಡಿಕೇರಿಯ ಶಾಲೆಯೊಂದರಲ್ಲಿ ನಡೆಸಿದ್ದೆ.

ಕೊಡಗು ಆಗ ತನ್ನದೇ ಒಂದು ರಾಜ್ಯ. ಅಂಗೈಯಗಲದ ರಾಜ್ಯಕ್ಕೆ ಮಂತ್ರಿಗಳಿದ್ದರು, ವಿಧಾನಸಭೆ ಇತ್ತು. ನಮ್ಮ ಶಾಲೆಗೆ ಮಾತ್ರ ನೆಟ್ಟಗಿನ ಒಂದು ಕಪ್ಪು ಹಲಗೆ ಇರಲಿಲ್ಲ. ನಮ್ಮವರು ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ಗದ್ದೆ ಮಾಡಿಕೊಂಡವರು. ನಾನು ತರಬೇತಿ ಮುಗಿಸಿ ಮಡಿಕೇರಿಯಲ್ಲಿ ಕೆಲಸಕ್ಕೆ ಸೇರಿದಾಗ ತರಗತಿಯ ಅರ್ಧ ಮಕ್ಕಳ ಮನೆಮಾತು ನನಗೆ ಅರ್ಥವಾಗುತ್ತಿರಲಿಲ್ಲ. ಒಬ್ಬರದು ಕೊಡವ ತಕ್ಕ್, ಒಬ್ಬರದು ಮಲಯಾಳ, ಇನ್ನೊಬ್ಬರದು ತುಳು. ನಾಲ್ಕು ಮಾತು ಕಲಿತು ಆಡಲು ಹೋದರೆ ಕಿಸಕ್ಕನೆ ನಗುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ನಕ್ಕವರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ತರಬೇತಿಯಲ್ಲಿ ಕಲಿಸಿದ್ದ ಕೈಗೊಂಬೆ ಆಗ ನೆನಪಾಯಿತು. ಹಳೆಯ ಪೇಪರು ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ, ತಲೆ ಮಾಡಿದೆ. ಮೂಗು ಸೊಟ್ಟಗಾಯಿತು. ಹರಿದ ರವಿಕೆಯೊಂದರಲ್ಲಿ ಅಂಗಿ ಹೊಲಿದೆ. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಮೇಜಿನ ಹಿಂದೆ ಕೂತು ಅದನ್ನು ಮೇಲೆತ್ತಿ, ನನಗೆ ಬರುತ್ತಿದ್ದ ಹರಕುಮುರುಕು ಭಾಷೆಗಳನ್ನೆಲ್ಲ ಕಲಸಿ ಮಾತಾಡಿಸಿದೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೊಂಬೆಯನ್ನು ನೋಡಿ ನಗುತ್ತಿದ್ದಾರೆ ಅಂದುಕೊಂಡಾಗ ನನಗೆ ಕೋಪ ಬರಲಿಲ್ಲ. ಅವರೇ ಅವನಿಗೆ ಗೊಂಬೆ ಮಾಮ ಎಂದು ಹೆಸರಿಟ್ಟರು.

ಅಲ್ಲಿಂದ ಪ್ರತಿ ಶನಿವಾರ ಅವನದೇ ದರ್ಬಾರು. ಹಾಡಲು ನಾಚುವವರನ್ನು ಅವನು ಕರೆದರೆ ಎದ್ದು ಬಂದು ಹಾಡುತ್ತಿದ್ದರು. ಪಕ್ಕದ ತರಗತಿಯವರೂ ಬಾಗಿಲಿಗೆ ಮುತ್ತುತ್ತಿದ್ದರು. ಮೊದಮೊದಲು ಗೊಣಗಿದ ಹೆಡ್‌ಮಾಸ್ತರರು ಇನ್‌ಸ್ಪೆಕ್ಟರ್ ಬಂದ ದಿನ "ಎಲ್ಲಮ್ಮಾ ನಿಮ್ಮ ಗೊಂಬೆ, ತೋರಿಸಿ" ಎಂದು ತಾವೇ ಮುಂದೆ ಬಂದರು. ನಾನು ಉಬ್ಬಿಹೋದೆ.

ಕೊನೆಯ ಹತ್ತು ನಿಮಿಷ ಪ್ರಶ್ನೆಗಳಿಗೆ. ಏನು ಕೇಳಿದರೂ ಗೊಂಬೆ ಮಾಮ "ಗೊತ್ತಿಲ್ಲ" ಅನ್ನಬಾರದು, ತಡವರಿಸಬಾರದು. ಅದು ನಾನೇ ಮಾಡಿಕೊಂಡ ಕಟ್ಟಳೆ. ಆನೆಗೆ ಹಲ್ಲು ಎಷ್ಟು ಎಂದರೆ, "ನಿನ್ನೆ ಎಣಿಸಿದಾಗ ನಲವತ್ತಿತ್ತು, ಬೆಳಿಗ್ಗೆ ಒಂದು ಬಿತ್ತು" ಎನ್ನುತ್ತಿದ್ದ. ಇಂಥ ಬುರುಡೆ ಕೇಳುವುದಕ್ಕೆಂದೇ ಮಕ್ಕಳು ವಾರವಿಡೀ ಪ್ರಶ್ನೆ ಹುಡುಕುತ್ತಿದ್ದರು.

ಮೂರನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಅಪ್ಪನಿಗೆ ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ, ಶನಿವಾರಸಂತೆ ಎಂಬ ಊರಿನ ಕಡೆಯವರು. ಅವಳ ತಾಯಿಯನ್ನು ಎದೆಯ ಕಾಯಿಲೆಗೆಂದು ಮೈಸೂರಿನ ಆಸ್ಪತ್ರೆಗೆ ಸೇರಿಸಿ ಮೂರು ತಿಂಗಳಾಗಿತ್ತು. ಅಲ್ಲಿಯವರೆಗೆ ಒಂದು ದಿನವೂ ಪ್ರಶ್ನೆ ಕೇಳದವಳು, ದಸರಾ ರಜೆ ಮುಗಿದ ಮೊದಲ ಶನಿವಾರ ಎದ್ದು ನಿಂತಳು.

"ಮಾಮ, ನಮ್ಮವ್ವ ಯಾವಾಗ ಬತ್ತಾಳೆ?"

ನಾನು ಯೋಚಿಸುವ ಮೊದಲೇ ಕೈ ಕುಣಿಯಿತು, ಬಾಯಿ ಆಡಿತು. "ಹುತ್ತರಿ ಹಬ್ಬದ ಹೊತ್ತಿಗೆ ಬಂದೇ ಬರ್ತಾಳೆ! ತಂಬಿಟ್ಟು ಕಲಸಿ ನಿನ್ನ ಬಾಯಿಗೆ ಇಡ್ತಾಳೆ!"

ಅವಳ ಮುಖ ಅರಳಿತು. ಮಗುವಿಗೆ ಒಂದಿಷ್ಟು ಧೈರ್ಯ ತುಂಬಿದೆನಲ್ಲಾ ಎಂದು ನಾನು ಮನೆಗೆ ಹೋಗುವ ದಾರಿಯುದ್ದಕ್ಕೂ ಖುಷಿಯಲ್ಲಿದ್ದೆ. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಕೆಲವು ವಾರಗಳ ಮೇಲೆ, ಒಂದು ಬುಧವಾರ, ಅವಳಪ್ಪ ಶಾಲೆಗೆ ಬಂದ. ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದು ಜಗಲಿಯಲ್ಲಿ ನಿಂತ.

"ನಾಳೆ ಮೈಸೂರಿಗೆ ಹೊಂಟಿದೀನಿ ಟೀಚರ್. ಮಗೀನೂ ಕರ್ಕಂಬಾ ಅಂತ ಅವ್ಳು ಹೇಳಿ ಕಳ್ಸವ್ಳೆ. ಇವ್ಳು ಒಲ್ಲೆ ಅಂತಾಳೆ. ಹುತ್ತರಿಗೆ ಅವ್ವನೇ ಬತ್ತಾಳಂತೆ, ನಾನ್ಯಾಕೆ ಹೋಗ್ಲಿ ಅಂತಾಳೆ. ನೀವೊಂದ್ ಮಾತು ಹೇಳಿ."

ಅವಳು ಹತ್ತು ಹೆಜ್ಜೆ ದೂರದಲ್ಲಿ, ಸ್ಲೇಟಿನಲ್ಲಿ ಮಗ್ಗಿ ಬರೆಯುತ್ತಾ ಕೂತಿದ್ದಳು. ಕರೆದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಏನೆಂದು ಹೇಳುವುದು? ಗೊಂಬೆ ಮಾಮ ಬರೀ ಪೇಪರು, ಬಟ್ಟೆ, ಮಾತೆಲ್ಲ ನನ್ನದು ಎಂದೇ? ಹಾಗೆ ಹೇಳಿಬಿಟ್ಟರೆ ಮುಂದಿನ ಶನಿವಾರ ಅವನನ್ನು ನಂಬುವವರು ಯಾರು? ನಿಜವಾಗಿ ನನ್ನ ತಲೆಯಲ್ಲಿ ಓಡಿದ್ದು ಇದೇ. ಆ ಮಗುವಿನ ತಾಯಿಯ ಯೋಚನೆ ಆಮೇಲೆ ಬಂತು.

"ಈಗ ಬಲವಂತ ಮಾಡಬೇಡಿ. ಶನಿವಾರ ಗೊಂಬೆಯಿಂದಲೇ ಹೇಳಿಸ್ತೀನಿ. ಬರುವ ವಾರ ನಿಮ್ಮ ಜೊತೆ ಖುಷಿಯಿಂದ ಬರ್ತಾಳೆ" ಎಂದೆ.

ಅವನು ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. "ನೀವು ಹೇಳಿದ್ ಮ್ಯಾಲೆ ಆಯ್ತು ಬುಡಿ" ಎಂದು ಹೋದ. ಮಾರನೆಯ ದಿನ ಬೆಳಗಿನ ಬಸ್ಸಿಗೆ ಒಬ್ಬನೇ ಹೊರಟ. ಶುಕ್ರವಾರ ಅವನ ಹೆಂಡತಿ ತೀರಿಕೊಂಡಳು. ಊರಿಗೆ ತರಲಾಗದೆ ಅಲ್ಲೇ ಮಣ್ಣು ಮಾಡಿ ಬಂದನಂತೆ. ಮಗಳು ತಾಯಿಯ ಮುಖವನ್ನೂ ನೋಡಲಿಲ್ಲ.

ಶನಿವಾರ ಬೆಳಿಗ್ಗೆಯೇ ಸಾವಿನ ಸುದ್ದಿ ಶಾಲೆಗೆ ಮುಟ್ಟಿತ್ತು, ನಾನು ಗೊಂಬೆಯನ್ನು ಚೀಲದಿಂದ ತೆಗೆಯಲಿಲ್ಲ. ಮಾಮನಿಗೆ ಜ್ವರ ಎಂದೆ. ಅದೂ ಸುಳ್ಳೇ.

ಹತ್ತು ಹನ್ನೆರಡು ದಿನ ಬಿಟ್ಟು ಆ ಹುಡುಗಿ ಶಾಲೆಗೆ ಬಂದಳು. ಬೆಲ್ ಆಗಲು ಇನ್ನೂ ಹೊತ್ತಿತ್ತು, ತರಗತಿಯಲ್ಲಿ ಬೇರೆ ಯಾರೂ ಇರಲಿಲ್ಲ. ಎಷ್ಟೋ ರಾತ್ರಿಗಳಿಂದ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತನ್ನು ಅವಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು ಹೇಳಿದೆ. "ಅವ್ವ ಬರ್ತಾಳೆ ಅಂತ ಅವತ್ತು ಹೇಳಿದ್ದು ಗೊಂಬೆ ಅಲ್ಲ ಕಣಮ್ಮ, ನಾನು. ಗೊಂಬೆಗೆ ಏನೂ ಗೊತ್ತಿರಲ್ಲ. ತಪ್ಪು ನಂದು."

ಅವಳು ಅಳಲಿಲ್ಲ. ಲೆಕ್ಕ ತಿಳಿಯದ ದಡ್ಡರನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

"ಗೊಂಬೆ ಬುರುಡೆ ಬಿಡ್ತದೆ ಅಂತ ಎಲ್ಲರ್ಗೂ ಗೊತ್ತು ಟೀಚರ್. ಹೇಳ್ತಿರೋರು ನೀವು ಅಂತಾನೇ ನಾನು ನಂಬಿದ್ದು."